ಕನ್ನಡದಲ್ಲಿ ಕಾನೂನು ಬರೆದ ಜಡ್ಜ್: ನಾವು ಮರೆತ ಎಚ್.ವಿ. ನಂಜುಂಡಯ್ಯ

ಎಂಜಿನಿಯರಿಂಗ್ ಓದಿದವರಿಗೆಲ್ಲ ಇದು ಗೊತ್ತಿರುತ್ತೆ. ಸೆಪ್ಟೆಂಬರ್ 15 ಬಂತು ಅಂದ್ರೆ ಕಾಲೇಜಿನಲ್ಲಿ ವಿಶ್ವೇಶ್ವರಯ್ಯನವರ ಫೋಟೊಗೆ ಹಾರ, ಎರಡು ಭಾಷಣ, ಕೊನೆಗೆ ಒಂದು ಲಾಡು. ನಾಲ್ಕು ವರ್ಷ ಆ ಲಾಡು ತಿಂದವನು ನಾನು. ಪೇಟ ಸುತ್ತಿದ ಆ ಮುಖ ನಮಗೆ ಎಷ್ಟು ಪರಿಚಿತ ಅಂದರೆ, ಅವರು ದಿವಾನರಾಗಿದ್ದಾಗ ಮೈಸೂರು ಸರ್ಕಾರದಲ್ಲಿ ಬೇರೆ ಯಾರಾದರೂ ಇದ್ದರಾ ಅನ್ನುವ ಪ್ರಶ್ನೆಯೇ ನಮ್ಮ ತಲೆಗೆ ಬರುವುದಿಲ್ಲ.

ಇದ್ದರು. ಅವರಲ್ಲಿ ಒಬ್ಬರು ಜಡ್ಜ್. ಹೆಸರು ಹೆಬ್ಬಳಲು ವೇಲ್ಪನೂರು ನಂಜುಂಡಯ್ಯ. ಹುಟ್ಟಿದ್ದು ನಮ್ಮ ಮೈಸೂರಲ್ಲೇ, 1860ರಲ್ಲಿ. ಚೀಫ್ ಕೋರ್ಟಿನ ನ್ಯಾಯಾಧೀಶ, ದಿವಾನರ ಕೌನ್ಸಿಲ್ಲಿನ ಸದಸ್ಯ, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷ, ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ. ಇಷ್ಟೆಲ್ಲ ಆದ ಮನುಷ್ಯನ ಹೆಸರು ಇವತ್ತು ಹೆಚ್ಚಾಗಿ ಕಾಣಿಸುವುದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ, ಒಂದು ಅಂಕದ ಪ್ರಶ್ನೆಯಾಗಿ.

ನನಗೂ ಅವರು ಆ ಒಂದು ಅಂಕದ ಪ್ರಶ್ನೆಯಷ್ಟೇ ಆಗಿದ್ದರು. ಅದು ಬದಲಾಗಿದ್ದು ನಮ್ಮ ಮನೆಗೆ ಬಂದ ಒಂದು ಕಾಗದದಿಂದ. ಅಜ್ಜನ ಕಾಲದ ಜಾಗದ ವ್ಯಾಜ್ಯವೊಂದು ವರ್ಷಗಟ್ಟಲೆ ನಡೆದು, ಅದರ ಆದೇಶದ ಪ್ರತಿ ಕೈಗೆ ಬಂತು. ಇಪ್ಪತ್ತು ಚಿಲ್ಲರೆ ಪುಟ, ಪೂರ್ತಿ ಇಂಗ್ಲಿಷು. ಅಮ್ಮ ಅದನ್ನು ನನ್ನ ಕೈಗಿಟ್ಟು ಗೆದ್ವಾ, ಸೋತ್ವಾ ಹೇಳು ಅಂದರು. ಇಂಗ್ಲಿಷಿನಲ್ಲೇ ಪದವಿ ಪಡೆದವನು, ಬರೆಯುವುದನ್ನೇ ಕಸುಬು ಮಾಡಿಕೊಂಡವನು, ಎರಡು ಸಲ ಓದಿದರೂ ನನಗೆ ಅದು ತಿಳಿಯಲಿಲ್ಲ. ಕೊನೆಗೆ ವಕೀಲರ ಗುಮಾಸ್ತರು ಫೋನಿನಲ್ಲಿ ಎರಡು ವಾಕ್ಯದಲ್ಲಿ ಹೇಳಿದರು. ನಮ್ಮದೇ ಜಾಗದ ಬಗ್ಗೆ ಬರೆದ ಕಾಗದವನ್ನು ನಾವೇ ಓದಲಾಗದ ಆ ಅರ್ಧ ಗಂಟೆ ನನ್ನನ್ನು ಬಿಡಲಿಲ್ಲ. ಕಾನೂನನ್ನು ಕನ್ನಡದಲ್ಲಿ ಬರೆಯೋಕೆ ಯಾರೂ ಪ್ರಯತ್ನವೇ ಮಾಡಲಿಲ್ವಾ ಅಂತ ಹುಡುಕುತ್ತಾ ಹೋದಾಗ ಸಿಕ್ಕವರು ಈ ನಂಜುಂಡಯ್ಯ.

ಮದರಾಸಿಗೆ ಹೋಗಿ ಬಂದ ಹುಡುಗ

ನಂಜುಂಡಯ್ಯ ಹುಟ್ಟಿದಾಗ ಮೈಸೂರಿನಲ್ಲಿ ಆಳುತ್ತಿದ್ದದ್ದು ಬ್ರಿಟಿಷ್ ಕಮಿಷನರು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಕಿತ್ತುಕೊಂಡ ಆಡಳಿತ ಮತ್ತೆ ಅರಮನೆಗೆ ಬಂದದ್ದು 1881ರಲ್ಲಿ. ಆಗ ನಂಜುಂಡಯ್ಯನವರಿಗೆ ಇಪ್ಪತ್ತು ದಾಟಿತ್ತು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಶುರು ಮಾಡಿದರು. 1884ರಲ್ಲಿ ಚೀಫ್ ಕೋರ್ಟ್ ಬಂತು. ಅಂದರೆ ಒಂದು ಸಂಸ್ಥಾನ ತನ್ನ ಆಡಳಿತವನ್ನು ಹೊಸದಾಗಿ ಜೋಡಿಸಿಕೊಳ್ಳುತ್ತಿದ್ದ ಹೊತ್ತಿಗೆ ಸರಿಯಾಗಿ ಈ ಹುಡುಗ ಓದು ಮುಗಿಸಿದ್ದ.

ಓದು ಅಂದ್ರೆ ಮದರಾಸು. ಮೈಸೂರಿನ ಮಹಾರಾಜ ಕಾಲೇಜಾಗಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಾಗಲಿ ಆಗ ಮದರಾಸು ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ಏನು ಓದಬೇಕು, ಹೇಗೆ ಪಾಸಾಗಬೇಕು, ಎಲ್ಲ ಅಲ್ಲೇ ತೀರ್ಮಾನ. ನಂಜುಂಡಯ್ಯ ಎಂ.ಎ., ಎಂ.ಎಲ್. ಎರಡೂ ಪದವಿ ಪಡೆದರು. ಕಾನೂನಿನಲ್ಲಿ ಮಾಸ್ಟರ್ ಪದವಿ ಪಡೆದವರು ಆ ಕಾಲಕ್ಕೆ ಬೆರಳೆಣಿಕೆಯಷ್ಟು. ಮನಸ್ಸು ಮಾಡಿದ್ದರೆ ಮದರಾಸಿನಲ್ಲೇ ವಕೀಲಿ ಮಾಡಿ ದುಡ್ಡು ಗಳಿಸಬಹುದಿತ್ತು. ಆದರೆ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿ, ಕೆಳಗಿನ ಹುದ್ದೆಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದರು. ಕಂದಾಯದ ಆಡಳಿತವನ್ನೂ ಕಂಡರು, ಕೋರ್ಟನ್ನೂ ಕಂಡರು. ಚೀಫ್ ಕೋರ್ಟಿನ ಜಡ್ಜ್ ಆದರು, ಕೌನ್ಸಿಲ್ ಸದಸ್ಯರಾದರು. ಬ್ರಿಟಿಷ್ ಸರ್ಕಾರ ಸಿ.ಐ.ಇ. ಕೊಟ್ಟಿತು, ಅರಮನೆ ರಾಜಮಂತ್ರಪ್ರವೀಣ ಅಂತ ಬಿರುದು ಕೊಟ್ಟಿತು.

ಇವತ್ತಿನ ಕಣ್ಣಿಗೆ ಇದು ವಿಚಿತ್ರವಾಗಿ ಕಾಣುತ್ತೆ. ಒಬ್ಬನೇ ಮನುಷ್ಯ ಜಡ್ಜೂ ಹೌದು, ಸರ್ಕಾರದ ಭಾಗವೂ ಹೌದು. ನ್ಯಾಯಾಂಗ, ಕಾರ್ಯಾಂಗ ಬೇರೆ ಬೇರೆ ಇರಬೇಕು ಅನ್ನುವ ನಮ್ಮ ಪಾಠ ಆಗ ಅಷ್ಟು ಬಿಗಿಯಾಗಿರಲಿಲ್ಲ. ಚುನಾವಣೆ ಗೆದ್ದು ಮಂತ್ರಿಯಾಗುವ ದಾರಿಯೂ ಇರಲಿಲ್ಲ. ರಾಜಕಾರಣ ಅಂದರೆ ಅರಮನೆ, ದಿವಾನರ ಕಚೇರಿ, ಕೌನ್ಸಿಲ್ಲು. ನಂಜುಂಡಯ್ಯ ಆ ಅರ್ಥದಲ್ಲಿ ರಾಜಕಾರಣಿ. ಜನ ಅವರನ್ನು ಆರಿಸಿರಲಿಲ್ಲ. ಹಾಗಾಗಿ ಅವರನ್ನು ಅಳೆಯಬೇಕಾದ್ದು ಕೈಗೆ ಸಿಕ್ಕ ಅಧಿಕಾರವನ್ನು ಯಾರಿಗಾಗಿ ಬಳಸಿದರು ಅನ್ನುವುದರಿಂದ.

ಜನ ಓದಲಿ ಅಂತ ಬರೆದದ್ದು

ಕೋರ್ಟಿನಲ್ಲಿ ಕೂತವರಿಗೆ ದಿನಾ ಕಾಣುವ ಒಂದು ದೃಶ್ಯ ಇದೆ. ಎದುರಿಗೆ ನಿಂತ ರೈತನಿಗೆ ತಾನು ಹೆಬ್ಬೆಟ್ಟು ಒತ್ತಿದ ಪತ್ರದಲ್ಲಿ ಏನಿತ್ತು ಅಂತ ಗೊತ್ತಿರುವುದಿಲ್ಲ. ಅಡಮಾನ ಅಂದುಕೊಂಡು ಕ್ರಯಪತ್ರಕ್ಕೆ ಒಪ್ಪಿರುತ್ತಾನೆ. ಪಾಲುಪತ್ರದಲ್ಲಿ ಚೆಕ್ಕುಬಂದಿ ತಪ್ಪಾಗಿರುತ್ತೆ. ಸಾಲ ತೀರಿಸಿದ್ದರೂ ರಸೀದಿ ಇರುವುದಿಲ್ಲ. ಆಮೇಲೆ ಕಾನೂನು ಪತ್ರವನ್ನು ನೋಡುತ್ತೆಯೇ ಹೊರತು ರೈತನ ಮುಖವನ್ನು ನೋಡುವುದಿಲ್ಲ.

ಬಹಳಷ್ಟು ಜಡ್ಜುಗಳು ಇದನ್ನು ನೋಡಿ ಬೇಜಾರು ಮಾಡಿಕೊಂಡು ಮನೆಗೆ ಹೋಗಿರಬಹುದು. ನಂಜುಂಡಯ್ಯ ಪುಸ್ತಕ ಬರೆದರು. 'ಲೇಖ್ಯಬೋಧಿನಿ', 'ವ್ಯವಹಾರ ದೀಪಿಕೆ', 'ವ್ಯವಹಾರ ಧರ್ಮಪ್ರಕಾಶ'. ಮೂರೂ ಕನ್ನಡದಲ್ಲಿ. ಹೆಸರು ಸಂಸ್ಕೃತಮಯವಾಗಿ ಕಂಡರೂ ಉದ್ದೇಶ ಸರಳ. ಲೇಖ್ಯ ಅಂದರೆ ಬರಹದ ಪತ್ರ, ದಸ್ತಾವೇಜು. ವ್ಯವಹಾರ ಅಂದರೆ ನಮ್ಮ ಹಳೆಯ ಅರ್ಥದಲ್ಲಿ ವ್ಯಾಜ್ಯ, ಕೊಡು-ಕೊಳ್ಳುವಿಕೆ. ಕಾನೂನನ್ನು ಕನ್ನಡ ಓದಬಲ್ಲವರ ಮುಂದೆ ಇಡುವ ಕೆಲಸ ಇದು. ಇದರ ಜೊತೆಗೆ ಕನ್ನಡದಲ್ಲೇ ಅರ್ಥಶಾಸ್ತ್ರದ ಪುಸ್ತಕವನ್ನೂ ಬರೆದರು. ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು ಹೊರಟ ಮೊದಲಿಗರಲ್ಲಿ ಅವರೂ ಒಬ್ಬರು.

ಇದು ಎಷ್ಟು ಕಷ್ಟದ ಕೆಲಸ ಅಂತ ಅನುವಾದ ಮಾಡಿದವರಿಗೆ ಗೊತ್ತು. ಇಂಗ್ಲಿಷ್ ಕಾನೂನಿನ ಒಂದೊಂದು ಪದಕ್ಕೂ ಕನ್ನಡದಲ್ಲಿ ಏನು ಹೇಳಬೇಕು? ನಮ್ಮ ಊರಿನ ದಸ್ತಾವೇಜುಗಳಲ್ಲಿ ಅರಬ್ಬಿ, ಪಾರ್ಸಿ, ಮರಾಠಿ ಮೂಲದ ಮಾತುಗಳು ಆಗಲೇ ಬೇರುಬಿಟ್ಟಿದ್ದವು. ಜಮೀನು, ಖಾತೆ, ರಾಜಿ, ವಕಾಲತ್ತು, ಅಮಲ್ದಾರ. ಇವುಗಳ ಮಧ್ಯೆ ಸಂಸ್ಕೃತದ ಧರ್ಮಶಾಸ್ತ್ರದ ಪದಗಳು. ಮೇಲಿಂದ ಇಂಗ್ಲಿಷ್. ಈ ಮೂರನ್ನೂ ಬಲ್ಲವನಷ್ಟೇ ಈ ಕೆಲಸಕ್ಕೆ ಕೈ ಹಾಕಬಹುದಿತ್ತು. ಅಂಥವರಲ್ಲಿ ಒಬ್ಬರು ಚೀಫ್ ಕೋರ್ಟಿನ ಪೀಠದವರೆಗೆ ಹೋದವರು, ತಮ್ಮ ವಿದ್ಯೆಯನ್ನು ಬೀಗ ಹಾಕಿ ಇಟ್ಟುಕೊಳ್ಳದವರು ಅನ್ನುವುದು ಕನ್ನಡದ ಭಾಗ್ಯ.

ಜನ ಓದಲಾಗದ್ದು

ಈಗ ಕಥೆಯ ಇನ್ನೊಂದು ಮಗ್ಗುಲು. 1901ರ ಜನಗಣತಿಯ ಹೊತ್ತಿಗೆ ಬ್ರಿಟಿಷ್ ಸರ್ಕಾರ ಇಡೀ ದೇಶದ ಜಾತಿ, ಬುಡಕಟ್ಟುಗಳ ವಿವರ ಸಂಗ್ರಹಿಸಲು ಒಂದು ಸಮೀಕ್ಷೆ ಶುರು ಮಾಡಿತು. ಅದರ ಹಿಂದಿದ್ದವರು ಹರ್ಬರ್ಟ್ ರಿಸ್ಲಿ. ಮೈಸೂರು ಸಂಸ್ಥಾನದಲ್ಲಿ ಆ ಸಮೀಕ್ಷೆಯ ಹೊಣೆ ಬಿದ್ದದ್ದು ನಂಜುಂಡಯ್ಯನವರ ಮೇಲೆ.

ಅವರು ಒಂದೊಂದು ಸಮುದಾಯದ ಮೇಲೆ ಒಂದೊಂದು ಕಿರುಹೊತ್ತಗೆ ತಂದರು. ಕುರುಬ, ಹೊಲೆಯ, ಮೊರಸು ಒಕ್ಕಲು, ಬೇಡ, ಅಗಸ, ಕುಂಬಾರ, ಕೋಮಟಿ ಹೀಗೆ. ಹುಟ್ಟಿನ ಕಥೆ ಏನು, ಬೆಡಗುಗಳು ಯಾವುವು, ಮದುವೆಗೆ ತೆರ ಎಷ್ಟು, ವಿಧವೆ ಮತ್ತೆ ಮದುವೆಯಾಗಬಹುದಾ, ಆಸ್ತಿ ಯಾರಿಗೆ ಹೋಗುತ್ತೆ, ಕಟ್ಟೆಮನೆಯಲ್ಲಿ ನ್ಯಾಯ ಹೇಗೆ ನಡೆಯುತ್ತೆ, ಸತ್ತರೆ ಹೂಳುತ್ತಾರಾ ಸುಡುತ್ತಾರಾ. ಅವರ ಕಾಲದ ಕೋರ್ಟುಗಳಲ್ಲಿ ಜಾತಿಯ ರೂಢಿಯೇ ಎಷ್ಟೋ ಸಲ ಕಾನೂನು. ಹಾಗಾಗಿ ಈ ಪ್ರಶ್ನೆಗಳಲ್ಲಿ ಅರ್ಧದಷ್ಟು ಜಡ್ಜ್ ಒಬ್ಬರಿಗೆ ನಿಜಕ್ಕೂ ಬೇಕಾದ ಪ್ರಶ್ನೆಗಳೇ.

ಅವರ ಸಾವಿನ ನಂತರ ಈ ಸಾಮಗ್ರಿಯನ್ನು ಪಾಲಕ್ಕಾಡಿನ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ, ಮೈಸೂರು ವಿಶ್ವವಿದ್ಯಾಲಯ 1928ರಿಂದ 1935ರ ನಡುವೆ ನಾಲ್ಕು ಸಂಪುಟಗಳಾಗಿ ಪ್ರಕಟಿಸಿತು. ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಮೇಲಿನ ಈ ಸಂಪುಟಗಳನ್ನು ಮುಟ್ಟದೆ ಇವತ್ತಿಗೂ ಕರ್ನಾಟಕದ ಸಮಾಜಶಾಸ್ತ್ರ ಮುಂದೆ ಹೋಗುವುದಿಲ್ಲ. ತಮ್ಮ ಸಮುದಾಯದ ಮೀಸಲಾತಿ ವರ್ಗ ಬದಲಾಗಬೇಕು ಅಂತ ಅರ್ಜಿ ಹಾಕುವವರೂ ಇಂಥ ಹಳೆಯ ದಾಖಲೆಗಳನ್ನೇ ಹುಡುಕಿಕೊಂಡು ಹೋಗುತ್ತಾರೆ.

ಆದರೆ ಅಷ್ಟೂ ಬರೆದದ್ದು ಇಂಗ್ಲಿಷಿನಲ್ಲಿ. ಕಾನೂನಿನ ಪುಸ್ತಕಗಳನ್ನು ಕನ್ನಡದಲ್ಲಿ ಬರೆದ ಅದೇ ಕೈ, ಅಗಸರ ಬಗ್ಗೆ ಬರೆಯುವಾಗ ಅಗಸರು ಓದಲಾಗದ ಭಾಷೆಯಲ್ಲಿ ಬರೆಯಿತು. ಓದುಗರು ಅಂದರೆ ಆಡಳಿತಗಾರರು, ವಿದ್ವಾಂಸರು. ಕೆಳಜಾತಿಗಳ ಬಗ್ಗೆ ಮೇಲ್ಜಾತಿಯ ಅಧಿಕಾರಿಯೊಬ್ಬರು ಪರಭಾಷೆಯಲ್ಲಿ ಬರೆದ ವರದಿಯಲ್ಲಿ ಏನು ಸರಿಯಿದೆ, ಏನು ತಪ್ಪಿದೆ ಅಂತ ಹೇಳುವ ಅವಕಾಶವೇ ಆ ಜನಕ್ಕೆ ಇರಲಿಲ್ಲ.

ಇನ್ನೂ ಒಂದು ಮಾತು. ಆ ಸಮೀಕ್ಷೆ ಮದುವೆ, ತಿಥಿ, ದೇವರು, ಬೆಡಗು ಎಲ್ಲ ಕೇಳಿತು. ಸರ್ಕಾರಿ ಕಚೇರಿಯ ಕುರ್ಚಿಗಳಲ್ಲಿ ಯಾರು ಕೂತಿದ್ದಾರೆ ಅನ್ನುವುದು ಅದರ ಪ್ರಶ್ನೆಯಾಗಿರಲಿಲ್ಲ. ಆ ಲೆಕ್ಕ ಬೇರೆ ಕಡೆಯಿಂದ ಬರಬೇಕಾಯಿತು. 1917ರಲ್ಲಿ ಬ್ರಾಹ್ಮಣೇತರರು ಪ್ರಜಾಮಿತ್ರ ಮಂಡಳಿ ಕಟ್ಟಿ ಒತ್ತಡ ತಂದರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಚೀಫ್ ಜಡ್ಜ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಅಂತ ಆ ಸಮಿತಿ ಹೇಳಿತು. ಅದೇ 1918ರ ಕೊನೆಗೆ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು.

2015ರಲ್ಲಿ ಒಂದು, 2025ರಲ್ಲಿ ಮತ್ತೊಂದು ಸಮೀಕ್ಷೆ ನೋಡಿದ ನಮಗೆ ಇದರಲ್ಲಿ ಪಾಠ ಇದೆ. ಒಂದು ಜಾತಿಯ ಬಗ್ಗೆ ಎಲ್ಲ ತಿಳಿದುಕೊಂಡೂ, ಅದಕ್ಕೆ ಸಿಗಬೇಕಾದ ಪಾಲಿನ ಬಗ್ಗೆ ಏನೂ ಹೇಳದೆ ಇರಬಹುದು. ನಂಜುಂಡಯ್ಯನವರ ಕೆಲಸ ದೊಡ್ಡದು, ಮಿತಿಯೂ ಅಷ್ಟೇ ದೊಡ್ಡದು.

ಎರಡು ಕುರ್ಚಿ, ಒಬ್ಬರೇ ಮನುಷ್ಯ

1915ರ ಮೇ ತಿಂಗಳು ಬೆಂಗಳೂರಿನಲ್ಲಿ ಕನ್ನಡಿಗರ ಸಮ್ಮೇಳನ ಸೇರಿ ಕರ್ಣಾಟಕ ಸಾಹಿತ್ಯ ಪರಿಷತ್ತನ್ನು ಕಟ್ಟಿತು. ಇವತ್ತಿನ ಕನ್ನಡ ಸಾಹಿತ್ಯ ಪರಿಷತ್ತು ಅದೇ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಅಂತ ಹರಿದು ಹಂಚಿಹೋಗಿದ್ದ ಕನ್ನಡದವರನ್ನು ಭಾಷೆಯ ಹೆಸರಲ್ಲಿ ಒಂದೆಡೆ ತರುವ ಪ್ರಯತ್ನ. ಮೊದಲ ಅಧ್ಯಕ್ಷರು ನಂಜುಂಡಯ್ಯ. 1915, 1916ರ ಬೆಂಗಳೂರು ಸಮ್ಮೇಳನಗಳಿಗೂ 1917ರ ಮೈಸೂರು ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. ಸತತ ಮೂರು ವರ್ಷ. ಈಗಿನ ಸಮ್ಮೇಳನಾಧ್ಯಕ್ಷರ ಆಯ್ಕೆಯ ಜಗಳ ನೋಡಿದವರಿಗೆ ಇದು ನಂಬಲಾಗದ ವಿಷಯ.

1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀ ಸಂಸ್ಥಾನವೊಂದರಲ್ಲಿ ಬಂದ ಮೊದಲ ವಿಶ್ವವಿದ್ಯಾಲಯ. ಮದರಾಸಿನ ಹಂಗು ಕೊನೆಗೂ ಹರಿಯಿತು. ಅದರ ಮೊದಲ ಕುಲಪತಿಯೂ ನಂಜುಂಡಯ್ಯ. ಮದರಾಸಿನ ಪದವಿ ಪಡೆದು ಬಂದಿದ್ದ ಹುಡುಗ ಐವತ್ತೈದು ದಾಟಿದ ಮೇಲೆ ಮೈಸೂರಿನವರಿಗೆ ಮೈಸೂರಿನದೇ ಪದವಿ ಕೊಡುವ ಜಾಗದಲ್ಲಿ ಕೂತರು. ಅವರ ಕಾಲದಲ್ಲೇ, 1918ರಲ್ಲಿ, ರಾಧಾಕೃಷ್ಣನ್ ಮಹಾರಾಜ ಕಾಲೇಜಿಗೆ ತತ್ವಶಾಸ್ತ್ರ ಕಲಿಸಲು ಬಂದರು.

ಹೀಗೆ 1916ರಿಂದ ಕನ್ನಡದ ದೊಡ್ಡ ಸಂಸ್ಥೆ, ಕನ್ನಡ ನಾಡಿನ ಮೊದಲ ವಿಶ್ವವಿದ್ಯಾಲಯ ಎರಡರ ಚುಕ್ಕಾಣಿಯೂ ಒಬ್ಬರ ಕೈಗೇ ಬಂತು. ಕನ್ನಡದಲ್ಲಿ ಕಾನೂನು, ಅರ್ಥಶಾಸ್ತ್ರ ಬರೆದು ತೋರಿಸಿದ್ದವರ ಕೈಗೆ. ಇಂಥ ಅವಕಾಶ ಕನ್ನಡಕ್ಕೆ ಮತ್ತೆ ಸಿಕ್ಕಿಲ್ಲ. ಆದರೂ ವಿಶ್ವವಿದ್ಯಾಲಯದ ಪಾಠದ ಭಾಷೆ ಇಂಗ್ಲಿಷೇ ಆಗಿ ಉಳಿಯಿತು.

ಎರಡೇ ವರ್ಷದ ನಂತರ, 1918ರಲ್ಲಿ, ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿ ಪಾಠದ ಭಾಷೆ ಉರ್ದು. ಅದಕ್ಕಾಗಿ ಮೊದಲೇ ಅನುವಾದದ ಇಲಾಖೆ ತೆರೆದು, ವಿಜ್ಞಾನ, ಕಾನೂನು, ಚರಿತ್ರೆಯ ಪುಸ್ತಕಗಳನ್ನು ಉರ್ದುವಿಗೆ ತಂದರು. ನಿಜಾಮರಿಗೆ ಆದದ್ದು ಮೈಸೂರಿಗೆ ಯಾಕೆ ಆಗಲಿಲ್ಲ?

ಉತ್ತರ ಅಷ್ಟು ಸುಲಭ ಇಲ್ಲ. ಹೈದರಾಬಾದಿನಲ್ಲಿ ಉರ್ದು ಆಡಳಿತದ ಭಾಷೆಯಾಗಿತ್ತು, ಬಹುಜನರ ಭಾಷೆಯಾಗಿರಲಿಲ್ಲ. ಕಲಬುರಗಿಯ ಕನ್ನಡಿಗನಿಗೆ ಉರ್ದು ಇಂಗ್ಲಿಷಿನಷ್ಟೇ ದೂರ. ಮೈಸೂರಿನಲ್ಲಿ ತದ್ವಿರುದ್ಧ. ಜನರ ಭಾಷೆ ಕನ್ನಡ, ಆದರೆ ಮೇಲಿನ ಆಡಳಿತ, ಮೇಲಿನ ಕೋರ್ಟು, ಮೇಲಿನ ನೌಕರಿ ಎಲ್ಲ ಇಂಗ್ಲಿಷು. ಓದಿದ ಹುಡುಗರಿಗೂ ಅವರ ಅಪ್ಪಂದಿರಿಗೂ ಇಂಗ್ಲಿಷ್ ಪದವಿಯೇ ಬೇಕಿತ್ತು. ಕನ್ನಡದಲ್ಲಿ ಪದವಿ ಕೊಟ್ಟರೆ ಅದು ಮದರಾಸಿನ ಪದವಿಯ ಮುಂದೆ ನಿಲ್ಲುತ್ತಾ ಅನ್ನುವ ಭಯ ಹೊಸ ವಿಶ್ವವಿದ್ಯಾಲಯಕ್ಕೆ ಇದ್ದರೆ ಆಶ್ಚರ್ಯವಿಲ್ಲ. ಪಠ್ಯಪುಸ್ತಕಗಳಂತೂ ಇರಲೇ ಇಲ್ಲ.

ಹಾಗಂತ ಪೂರ್ತಿ ಮಾಫಿ ಮಾಡಲೂ ಆಗಲ್ಲ. ಪುಸ್ತಕ ಇಲ್ಲದಿದ್ದರೆ ಬರೆಸಬಹುದಿತ್ತು. ಉಸ್ಮಾನಿಯಾ ಮಾಡಿದ್ದು ಅದನ್ನೇ. ಬರೆಯುವುದು ಹೇಗೆ ಅಂತ ಸ್ವತಃ ಗೊತ್ತಿದ್ದ ಕುಲಪತಿ ಇದ್ದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಶುರುವಾದದ್ದೇ 1927ರಲ್ಲಿ, ವಿಶ್ವವಿದ್ಯಾಲಯ ಹುಟ್ಟಿ ಹನ್ನೊಂದು ವರ್ಷದ ಮೇಲೆ. ಕುವೆಂಪು ಆ ಮೊದಲ ತಂಡದ ವಿದ್ಯಾರ್ಥಿ. ಕನ್ನಡ ನಾಡಿನ ವಿಶ್ವವಿದ್ಯಾಲಯ ಕನ್ನಡವನ್ನೇ ಎತ್ತರದ ವಿಷಯವಾಗಿ ಓದಿಸಲು ಅಷ್ಟು ಕಾಲ ತೆಗೆದುಕೊಂಡಿತು. ಕನ್ನಡದಲ್ಲಿ ಬೇರೆ ವಿಷಯ ಓದಿಸುವ ಮಾತು ಇನ್ನೂ ದೂರ.

ಒಂದು ಮಾತನ್ನು ಮಾತ್ರ ಅವರ ಪರವಾಗಿ ಹೇಳಲೇಬೇಕು. ಅವರಿಗೆ ಸಮಯ ಸಿಗಲಿಲ್ಲ. 1920ರ ಮೇ 7ರಂದು, ಕುಲಪತಿಯಾಗಿದ್ದಾಗಲೇ ತೀರಿಕೊಂಡರು. ಅರವತ್ತು ತುಂಬಿರಲಿಲ್ಲ. ಅವರು ಬಿಟ್ಟುಹೋದ ವಿಶ್ವವಿದ್ಯಾಲಯದ ಸೆಂಟ್ರಲ್ ಕಾಲೇಜಿನಲ್ಲಿ ಅಷ್ಟರಲ್ಲೇ ಕರ್ಣಾಟಕ ಸಂಘ ಹುಟ್ಟಿತ್ತು, ಎ.ಆರ್. ಕೃಷ್ಣಶಾಸ್ತ್ರಿಗಳ 'ಪ್ರಬುದ್ಧ ಕರ್ಣಾಟಕ' ಹೊರಡುತ್ತಿತ್ತು. ಮೇಲಿನಿಂದ ಆದೇಶವಾಗಿ ಬರದ ಕನ್ನಡ ಕೆಳಗಿನಿಂದ ಮೇಷ್ಟ್ರುಗಳ, ವಿದ್ಯಾರ್ಥಿಗಳ ಉತ್ಸಾಹವಾಗಿ ಬರುತ್ತಿತ್ತು.

ಉಳಿದ ಕೆಲಸ

ನೂರು ವರ್ಷ ದಾಟಿತು. ಕೆಳಗಿನ ಕೋರ್ಟುಗಳ ಭಾಷೆ ಯಾವುದಿರಬೇಕು ಅಂತ ತೀರ್ಮಾನಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಹೈಕೋರ್ಟು, ಸುಪ್ರೀಂ ಕೋರ್ಟುಗಳಲ್ಲಿ ಸಂಸತ್ತು ಬೇರೆ ಕಾನೂನು ಮಾಡುವ ತನಕ ಇಂಗ್ಲಿಷೇ ಅಂತ ಸಂವಿಧಾನದ 348ನೇ ವಿಧಿ ಹೇಳುತ್ತೆ. ಸುಪ್ರೀಂ ಕೋರ್ಟ್ 2019ರಿಂದ ಸುವಾಸ್ ಅನ್ನುವ ಸಾಫ್ಟ್‌ವೇರ್ ಇಟ್ಟುಕೊಂಡು ತೀರ್ಪುಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ತರುವ ಕೆಲಸ ಮಾಡುತ್ತಿದೆ. ಒಳ್ಳೆಯ ಹೆಜ್ಜೆ. ಎಂಜಿನಿಯರ್ ಆಗಿ ನನಗೆ ಅದರ ಮೇಲೆ ಪ್ರೀತಿಯೂ ಇದೆ. ಆದರೆ ಯಂತ್ರ ಪದಕ್ಕೆ ಪದ ಕೊಡುತ್ತೆ. ಈ ತೀರ್ಪಿನಿಂದ ನಿನ್ನ ಜಮೀನಿಗೆ ಏನಾಯಿತು ಅಂತ ಹೇಳಬೇಕಾದವರು ಕಾನೂನೂ ಗೊತ್ತಿದ್ದು, ಕನ್ನಡವೂ ಗೊತ್ತಿದ್ದು, ಎದುರಿಗೆ ನಿಂತವರ ಕಷ್ಟವೂ ಗೊತ್ತಿರುವ ಮನುಷ್ಯರೇ.

ಪ್ರತಿ ಆದೇಶದ ಜೊತೆ ಒಂದೇ ಒಂದು ಪುಟದ ಕನ್ನಡ ಸಾರಾಂಶ ಇರಲಿ. ಯಾರು ಕೇಳಿದರು, ಏನು ಕೇಳಿದರು, ಕೋರ್ಟ್ ಏನು ಹೇಳಿತು, ಇನ್ನು ಎಷ್ಟು ದಿನದೊಳಗೆ ಏನು ಮಾಡಬಹುದು. ಇಂಗ್ಲಿಷ್ ಪ್ರತಿಯೇ ಅಧಿಕೃತವಾಗಿರಲಿ, ಬೇಡ ಅನ್ನುವುದಿಲ್ಲ. ಸಾರಾಂಶಕ್ಕೆ ಸಂವಿಧಾನ ತಿದ್ದಬೇಕಿಲ್ಲ. ಮೈಸೂರು ವಿಶ್ವವಿದ್ಯಾಲಯ, ಸಾಹಿತ್ಯ ಪರಿಷತ್ತು ಎರಡೂ ಸೇರಿ ಇಂಥ ಬರವಣಿಗೆಗೆ ಕಾನೂನು ವಿದ್ಯಾರ್ಥಿಗಳನ್ನು ತಯಾರು ಮಾಡಬಹುದು. ಎರಡಕ್ಕೂ ಮೊದಲ ಯಜಮಾನರು ಒಬ್ಬರೇ ಅನ್ನುವುದನ್ನು ಅವು ನೆನಪಿಟ್ಟುಕೊಂಡರೆ ಸಾಕು.

ಪ್ರತಿ ವರ್ಷ ಮೇ 5ಕ್ಕೆ ಪರಿಷತ್ತಿನ ಸಂಸ್ಥಾಪನಾ ದಿನ ನಡೆಯುತ್ತೆ. ಎರಡು ದಿನ ಬಿಟ್ಟರೆ ನಂಜುಂಡಯ್ಯ ತೀರಿಕೊಂಡ ದಿನ. ಅವತ್ತು ಹಾರ, ಭಾಷಣ, ಲಾಡು ಯಾವುದೂ ಬೇಡ. ಯಾವುದಾದರೂ ಊರಿನಲ್ಲಿ ಒಬ್ಬ ವಕೀಲರು ಒಂದು ಬೆಂಚು ಹಾಕಿಕೊಂಡು ಕೂತು, ಜನ ತರುವ ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳಲಿ. ಮೊದಲ ಸಾಲಿನಲ್ಲಿ ನಮ್ಮಮ್ಮನೂ ಇರುತ್ತಾರೆ. ಅಂದ ಹಾಗೆ, ಕೇಸು ನಾವು ಅರ್ಧ ಗೆದ್ದಿದ್ದೆವು. ಉಳಿದ ಅರ್ಧ ಏನಾಯಿತು ಅಂತ ನನಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ.